ಕಂಸಾಳೆಯ ಹೆಬ್ಬೆರಳು ಮತ್ತು ಡಾ. ಶಿವರಂಜನಿ

ಕೈಯ ಶಸ್ತ್ರಚಿಕಿತ್ಸೆಯೆಂದರೆ ದೊಡ್ಡ ಊರುಗಳ ವಿದ್ಯೆಯೆಂದೇ ತಿಳಿದಿದ್ದ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಅದನ್ನು ಬೇರೂರಿಸಿದವರು ಡಾ. ಶಿವರಂಜನಿಯವರು. ಆಲೆಮನೆಯ ಗಾಣಕ್ಕೆ ಸಿಕ್ಕ ಬೆರಳು, ಕುಡುಗೋಲು ತಗುಲಿದ ನರ, ರೇಷ್ಮೆ ನೂಲು ಬಿಚ್ಚುವವರ ಬಾತ ಗೆಣ್ಣು ಎಲ್ಲವನ್ನೂ ಇಪ್ಪತ್ತೆಂಟು ವರ್ಷ ಒಂದೇ ತಾಳ್ಮೆಯಿಂದ ನೋಡಿದವರು. ಫಿಸಿಯೋಥೆರಪಿ ಪದವಿ ಮುಗಿಸಿ ಅವರ ಬಳಿ ಕೆಲಸಕ್ಕೆ ಸೇರಿದ ನಾನು ಈ ಗೌರವಗ್ರಂಥದಲ್ಲಿ ಹೇಳಲೇಬೇಕಾದದ್ದು ನನ್ನದೇ ಒಂದು ತಪ್ಪನ್ನು.

ಒಂಬತ್ತು ವರ್ಷದ ಹಿಂದೆ ಮುಳ್ಳೂರಿನ ಮುತ್ತಯ್ಯನವರು ಪತ್ನಿ ಚಿಕ್ಕಮಾದಮ್ಮನವರೊಡನೆ ಬಂದರು. ಮುತ್ತಯ್ಯನವರು ಮಾದಪ್ಪನ ಹೆಸರಿನಲ್ಲಿ ದೀಕ್ಷೆ ಪಡೆದು ಹಾಡುವ ದೇವರಗುಡ್ಡರು. ಸೋಮವಾರ ಮನೆಮನೆಯ ಮುಂದೆ ಕಂಸಾಳೆ ಬಾರಿಸಿ, ಹಾಡಿ, ಭಿಕ್ಷೆ ಬೇಡುವುದು ದೀಕ್ಷೆಯಂದಿನಿಂದ ನಡೆಸಿಕೊಂಡು ಬಂದ ವ್ರತ. ಬಲಗೈ ಹೆಬ್ಬೆರಳಿನ ಬುಡದ ಕೀಲು ಸವೆದು, ಕಂಚಿನ ತಾಳದ ದಾರವನ್ನು ಹಿಡಿಯಲಾರದಷ್ಟು ನೋವು. ಮಾತ್ರೆ, ಇಂಜೆಕ್ಷನ್ ಯಾವುದೂ ನಾಟಿರಲಿಲ್ಲ.

ಬರೀ ಹಾಡಿಕೊಂಡು ಹೋದರಾಗದೇ ಎಂದು ನಾನು ಕೇಳಿದೆ.

"ತಾಳ ಇಲ್ದೆ ಪದ ಎದ್ದೇಳ್ತದಾ ಸಾ? ಕೈ ಓದ್ರೆ ಬಾಯೂ ಓಯ್ತು."

ಕೂಲಿಯವರಿಗೆ ಮಾಡುವಂತೆ ಕೀಲನ್ನು ಬೆಸೆಯುವುದು ಡಾಕ್ಟರರ ಮೊದಲ ಯೋಚನೆ. ನೋವು ಹೋಗುತ್ತದೆ, ಬಲ ಉಳಿಯುತ್ತದೆ. ಬೆಸೆದ ಕೋನದಲ್ಲೇ ಹೆಬ್ಬೆರಳಿನ ಬುಡ ಕೊನೆಯತನಕ ನಿಲ್ಲುತ್ತದೆ. ಕಂಸಾಳೆ ಹಿಡಿಸಿ ಆ ಕೋನ ಅಳೆಯಲು ನನಗೆ ಹೇಳಿದರು. ಮುತ್ತಯ್ಯನವರು ಬಾರಿಸಹೊರಟಾಗ ನಾನು ತುಟಿಯ ಮೇಲೆ ಬೆರಳಿಟ್ಟೆ. ನನಗೆ ವಾರ್ಡಿನ ನಿಶ್ಶಬ್ದವೆಂದರೆ ಪ್ರೀತಿ.

"ನಲವತ್ತೊರ್ಸ ನಾನ್ ಏಳಿದ್ರೂ ಸುಮ್ನಾಗ್ದೋರು," ಎಂದು ಚಿಕ್ಕಮಾದಮ್ಮನವರು ನಕ್ಕರು. "ಆ ಬೆರಳ್ನ ನಂಗೂ ಒಸಿ ಕೊಡಿ ಸಾ."

ಬಾರಿಸದೆ ತಾಳ ಹಿಡಿದು ನಿಂತ ಕೈಯನ್ನೇ ಅಳೆದು ಬರೆದುಕೊಟ್ಟೆ.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ನನ್ನ ಚೀಟಿ ನೋಡಿ ಡಾಕ್ಟರರು, "ಬಾರಿಸುವಾಗ ಅಳೆದಿರಾ?" ಎಂದರು. ಇಲ್ಲವೆಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಮುತ್ತಯ್ಯನವರನ್ನು ತಾವೇ ಹಿತ್ತಲ ಬೇವಿನ ಮರದಡಿಗೆ ಕರೆದೊಯ್ದು, ನೋವಾದರೂ ಒಂದು ಪದದಷ್ಟು ಬಾರಿಸಿರೆಂದು ಕೇಳಿಕೊಂಡರು. ವಾರ್ಡಿನವರು ಕಿಟಕಿಗೆ ಬಂದು ನಿಂತರು. ಆ ಹೆಬ್ಬೆರಳು ಒಂದು ಗಳಿಗೆಯೂ ಒಂದೆಡೆ ನಿಲ್ಲಲಿಲ್ಲ. ತಾಳ ಬೀಸಲು ಬಿಚ್ಚಿತು, ಮರಳಿ ಬಂದದ್ದನ್ನು ಹಿಡಿಯಲು ಮಡಚಿಕೊಂಡಿತು. ನನ್ನ ಅಂಕಿಯಂತೆ ಬೆಸೆದಿದ್ದರೆ ನೋವಿಲ್ಲದ, ಕಂಸಾಳೆಯೂ ಇಲ್ಲದ ಕೈ ಅವರದಾಗುತ್ತಿತ್ತು.

ಅಂದಿನ ಶಸ್ತ್ರಚಿಕಿತ್ಸೆ ನಿಂತಿತು. ಮುಂದಿನ ವಾರ ಡಾಕ್ಟರರು ಬೆಸೆಯುವ ಬದಲು ಸವೆದ ಪುಟ್ಟ ಮೂಳೆಯನ್ನು ತೆಗೆದು, ಆ ಜಾಗಕ್ಕೆ ಮಣಿಕಟ್ಟಿನದೇ ಸ್ನಾಯುರಜ್ಜುವಿನ ಎಳೆಯನ್ನು ಸುತ್ತಿಟ್ಟರು. ಹಿಡಿತ ಕೊಂಚ ತಗ್ಗುವುದೆಂದು ಮೊದಲೇ ತಿಳಿಸಿದ್ದರು. ತಡವಾದದ್ದಕ್ಕೆ ಕೇಸ್‌ಶೀಟಿನಲ್ಲಿ ಬರೆದ ಕಾರಣ: "ನನ್ನ ನಿರ್ಧಾರ ಬದಲಾಗಿದೆ." ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಆ ಒಂದು ಸಾಲು ನನಗೆ ಕಲಿಸಿದ್ದನ್ನು ಕಾಲೇಜು ಕಲಿಸಿರಲಿಲ್ಲ.

ಐದು ತಿಂಗಳ ಮೇಲೆ ಮುತ್ತಯ್ಯನವರು ಡಾಕ್ಟರರಿಗೆ ಬಾರಿಸಿ ತೋರಿಸಿದರು. "ಮೊದ್ಲಿನಷ್ಟು ದೂರ ಬೀಸಕ್ಕಾಗಲ್ಲ ಕಣವ್ವ. ಆದ್ರೆ ಕೈ ಬುಟ್ಟು ಓಗಲ್ಲ."

ಡಾಕ್ಟರರು ನಿವೃತ್ತರಾಗುವರೆಂದು ಕೇಳಿ, ಬರುವ ಸೋಮವಾರ ಯಳಂದೂರಿನ ಅವರ ಮನೆಯಿಂದಲೇ ಭಿಕ್ಷೆ ಆರಂಭಿಸುವುದಾಗಿ ಮುತ್ತಯ್ಯನವರು ಮೊನ್ನೆ ನನಗೆ ಫೋನು ಮಾಡಿದ್ದರು. ಇನ್ನು ಮುಂದೆ ಡಾಕ್ಟರರು ಸೋಮವಾರಗಳಂದು ಹನೂರಿನಲ್ಲಿ ರೋಗಿಗಳನ್ನು ನೋಡಲು ಒಪ್ಪಿಕೊಂಡಿದ್ದಾರೆ ಎಂದೆ.

"ಅಂಗಾದ್ರೆ ಅನೂರ್ಗೇ ಓಯ್ತೀನಿ ಬುಡಿ."

ಹನೂರಿನ ಆ ಬಾಗಿಲು ಬಹುಕಾಲ ತೆರೆದಿರಲಿ, ನಮ್ಮ ಡಾಕ್ಟರರು ಗಟ್ಟಿಮುಟ್ಟಾಗಿ ನೂರು ವರ್ಷ ಬಾಳಲಿ, ಕೈಚಾಚಿ ಬಂದವರೆಲ್ಲರ ಕೈ ಹಿಡಿದು ನೋಡುತ್ತಿರಲಿ.