ಜರ್ಮನ್ ಪದಕಕ್ಕೆ ಕುಂಕುಮ

ಹಳ್ಳಿಗಳನ್ನು ಸುಟ್ಟ ಸೈನ್ಯದ ಪದಕಕ್ಕೆ ನಮ್ಮ ಮನೆಯಲ್ಲಿ ಪೂಜೆ ಮಾಡಿದೆವು. ಅದು ತಪ್ಪು. ಇವತ್ತು ದೀಪ ಉಜ್ಜುವಾಗ ಹುಣಸೆಹಣ್ಣಿನ ವಾಸನೆಗೆ ಈ ಪರದೇಶದಲ್ಲಿ ನಾನು ಬೆಳೆದ ಮಿಲ್ಟನ್ ಊರಿನ ಆ ಅಡುಗೆಮನೆ ನೆನಪಾಯಿತು.

ಸ್ಟ್ರೀಟ್ಸ್‌ವಿಲ್‌ನ ಮನೆಯೊಂದರ ಮುಂದೆ ಹಳೇ ಸಾಮಾನು ಮಾರುವ ಗರಾಜ್ ಸೇಲಿನಲ್ಲಿ, ತೀರಿಕೊಂಡಿದ್ದ ಎರಡನೇ ಮಹಾಯುದ್ಧದ ಜರ್ಮನ್ ಸೈನಿಕನೊಬ್ಬನ ಶಿಲುಬೆಯಾಕಾರದ ಪದಕವನ್ನೂ ಅದರ ಪ್ರಮಾಣಪತ್ರವನ್ನೂ ಅಪ್ಪ ಕೊಂಡಿದ್ದರು. ವೇರ್‌ಹೌಸಿನ ಶಿಫ್ಟು ಮುಗಿಸಿ ಬಂದು, ನಿಘಂಟು ಹಿಡಿದು, ಪತ್ರದ ಒಂದೊಂದೇ ಪದ ಬಿಡಿಸುತ್ತಿದ್ದರು. ಆಯುಧಪೂಜೆಯ ದಿನ ಅವ್ವ ಪದಕವನ್ನೂ ಹುಣಸೆಹಣ್ಣು ಹಚ್ಚಿ ತೊಳೆದು, ಕುಂಕುಮವಿಟ್ಟು, ಕಾರಿನ ಕೀಲಿಗಳ ಪಕ್ಕ ಇಟ್ಟಳು.

“ಸ್ವಸ್ತಿಕ ಅದ ನೋಡ್ರೀ. ಸ್ವಲ್ಪ ವಾಲೇದ, ಅಷ್ಟ.”

“ಹಳೇ ಸಾಮಾನು ತಿಕ್ಕಬ್ಯಾಡ ಅಂತ ಎಷ್ಟ ಸಲ ಹೇಳೇನಿ,” ಎಂದಷ್ಟೇ ಅಪ್ಪ ಗೊಣಗಿದರು.

ಆ ಚಳಿಗಾಲದಲ್ಲಿ ಲೈಬ್ರರಿಯ ಪುಸ್ತಕವೊಂದರಲ್ಲಿ, ಪ್ರಮಾಣಪತ್ರದಲ್ಲಿದ್ದ ಆ ಸೈನಿಕನ ತುಕಡಿಯ ಹೆಸರು ನಮಗೆ ಸಿಕ್ಕಿತು. ಆ ತುಕಡಿ ಹಳ್ಳಿಗಳಿಗೆ ಬೆಂಕಿಯಿಟ್ಟಿತ್ತು.

“ಇಂವನೂ ಬೆಂಕಿ ಇಟ್ಟಿದ್ನೇನು, ಅಪ್ಪಾ?”

“ಅಂವಾ ಬರೇ ಸಿಪಾಯಿ, ಪುಟ್ಟಿ,” ಎಂದು ಪುಸ್ತಕ ಮುಚ್ಚಿದರು. ಅವ್ವನಿಗೆ ಹೇಳಲೇ ಇಲ್ಲ. ಮುಂದಿನ ದಸರೆಗೂ ಪದಕಕ್ಕೆ ಕುಂಕುಮ ಬಿತ್ತು.

ಈಗ ಅಪ್ಪ ಅದನ್ನು ಮಾರಲು ಹೊರಟಿದ್ದಾರೆ. ಲೈಬ್ರರಿ ಪುಸ್ತಕದ ಆ ಪುಟದ ನಕಲನ್ನೂ ಜೊತೆಗೆ ಕೊಡಿ, ಕೊಳ್ಳುವವನಿಗೆ ಸತ್ಯ ಗೊತ್ತಾಗಲಿ ಎಂದೆ.

“ಗಿರಾಕಿ ಓಡಿಹೋಗ್ತಾನ. ನಿನ್ನ ಭಾಷಣ ಮನ್ಯಾಗ ಇರಲಿ.”

ಓಡಿಹೋಗುವುದಿಲ್ಲ ಎಂಬುದೇ ನನ್ನ ಭಯ. ಇಂಥ ಪದಕ ಕೊಳ್ಳುವವರು ಅದನ್ನು ಓದಿ, ತಲೆಯಾಡಿಸಿ, ಪದಕವನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಆದರೂ ನಕಲು ತೆಗೆಸಿದ್ದೇನೆ. ಗಿರಾಕಿ ಬರುವುದು ಕ್ವೀನ್ ಸ್ಟ್ರೀಟಿನ ಕಾಫಿ ಅಂಗಡಿಗೆ, ಭಾನುವಾರ ಬೆಳಿಗ್ಗೆ ಹತ್ತಕ್ಕೆ. ನಾನೂ ಅಲ್ಲಿರುತ್ತೇನೆ.