ಒಂದು ಕತ್ತಿಗೆ ಎರಡು ಮುಖ

ನಮ್ಮದು ಕೆರಗೋಡಿನ ಕಡೆ ಒಂದು ಹಳ್ಳಿ. ನನ್ನ ಹೆತ್ತವಳು ನಾನು ಮೊಲೆಹಾಲು ಬಿಡುವ ಮೊದಲೇ ತೀರಿಕೊಂಡಳು. ಅವಳ ಮುಖ ನನಗೆ ಗೊತ್ತಿಲ್ಲ. "ಹೆಂಗಿದ್ಲಜ್ಜಿ?" ಅಂತ ಕೇಳಿದರೆ ಅಜ್ಜಿ, "ಇದ್ದಂಗಿದ್ಲು. ಓಗು, ಕೋಳಿ ಕೂಡಾಕು," ಅನ್ನೋಳು.

ಅಪ್ಪ ಆಮೇಲೆ ಕಟ್ಟಿಕೊಂಡ ಚಿಕ್ಕವ್ವನ ಕೊರಳಲ್ಲಿ ಎರಡು ತಾಳಿ. ಒಂದು ಅವಳದು. ಇನ್ನೊಂದು ಪುಟ್ಟ ಬೆಳ್ಳಿ ಬಿಲ್ಲೆ, ಸವತಿ ತಾಳಿ. ಸತ್ತವಳು ಮುನಿಯದಿರಲಿ, ಈ ಮನೆಯಲ್ಲಿ ತನಗೂ ಜಾಗವಿದೆ ಅಂತ ತಿಳಿಯಲಿ ಎಂದು ಎರಡನೆಯವಳ ಕೊರಳಿಗೆ ಕಟ್ಟುವಂಥದ್ದು.

ಯುದ್ಧದ ಕಾಲ. ಮನೆಗೆ ಹೊಸ ಹೆಂಚು ಹೊದಿಸಿದ ಸಂತೋಷಕ್ಕೆ ಅಪ್ಪ ಮಂಡ್ಯದಿಂದ ಫೋಟೋ ತೆಗೆಯುವ ಸಾಬರನ್ನು ಕರೆತಂದರು. "ಗಾಜಿನ ಪ್ಲೇಟು ಎಲ್ಲೂ ಸಿಗ್ತಿಲ್ಲ, ಇರೋದು ಒಂದೇ," ಅಂದರು ಸಾಬರು. ಬಾಗಿಲ ಮುಂದೆ ಅಪ್ಪ, ಅಜ್ಜಿ, ಚಿಕ್ಕವ್ವ, ಅವಳ ಮಗ್ಗುಲಲ್ಲಿ ನಾನು.

"ಅಮ್ಮಾ, ಆ ಬಿಲ್ಲೆ ಬಿಸಿಲಿಗೆ ಹೊಳೀತದೆ. ಸೆರಗಿನೊಳಗೆ ಹಾಕ್ಕೊಳ್ಳಿ. ಮೂರು ಎಣಿಸೋತನಕ ಅಲ್ಲಾಡಬೇಡಿ."

ಚಿಕ್ಕವ್ವ ಸವತಿ ತಾಳಿಯನ್ನು ಮರೆ ಮಾಡಿದಳು. ಸಾಬರು ಎರಡು ಎನ್ನುವಾಗ ಅವಳು ಬೆಚ್ಚಿ ನನ್ನ ಕಡೆ ತಿರುಗಿದಳು. "ಯಾರೋ ಬೆನ್ ಮೇಲೆ ಕೈ ಇಟ್ಟಂಗಾಯ್ತು," ಅಂದಳು ಆಮೇಲೆ. ಹಿಂದೆ ಇದ್ದದ್ದು ತೆರೆದ ಬಾಗಿಲು ಒಂದೇ.

ಫೋಟೋ ಬಂತು. ಚಿಕ್ಕವ್ವನ ಕತ್ತಿನ ಮೇಲೆ ಎರಡು ಮುಖ. ಒಂದು ಸಾಬರ ಕ್ಯಾಮೆರಾ ಪೆಟ್ಟಿಗೆಯನ್ನು ನೋಡುತ್ತಿತ್ತು. ಇನ್ನೊಂದು, ಹೊಗೆಯಂಥದ್ದು, ನನ್ನನ್ನು.

"ಅಯ್ಯೋ, ನನ್ ಸೊಸೆ ಕಣ್ರೋ! ಮುಚ್ಚಿಟ್ರೆ ಸುಮ್ಕಿದ್ದಾಳಾ? ಮಗೀನ ನೋಡಾಕ್ ಬಂದವ್ಳೆ!" ಅಂದಳು ಅಜ್ಜಿ.

"ಅಲ್ಲಾಡ್ಬುಟ್ಲು ಕಣವ್ವೋ," ಅಂದರು ಅಪ್ಪ. ಅಜ್ಜಿ ಕೇಳಬೇಕಲ್ಲ! ಗಾಜು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು. ಶುಕ್ರವಾರ ಬಂತೆಂದರೆ ಆ ಹೊಗೆಯಂಥ ಮುಖಕ್ಕೆ ಕುಂಕುಮ, ಕನಕಾಂಬರ. ನಾನಂತೂ ದಿನವೂ ಅದರೆದುರು ನಿಂತು ಊರ ಸುದ್ದಿಯೆಲ್ಲ ಒಪ್ಪಿಸುತ್ತಿದ್ದೆ. ಕೊನೆಗೂ ನನಗೊಬ್ಬ ಅವ್ವ ಸಿಕ್ಕಿದ್ದಳು.

ಚಿಕ್ಕವ್ವ ಉಣ್ಣುವುದು ಕಮ್ಮಿಯಾಯಿತು. ನಡುಮನೆ ದಾಟುವಾಗ ಯಾರಿಗೋ ದಾರಿ ಬಿಡುವವಳ ಹಾಗೆ ಗೋಡೆಗೆ ಒತ್ತಿಕೊಂಡು ಹೋಗೋಳು. ಅಜ್ಜಿ ಕುಂಕುಮ ಇಡುವ ಹೊತ್ತಿಗೆ ಒಲೆಯ ಮುಂದೆ ಕೂತೇ ತನ್ನ ಹಣೆ ಮುಟ್ಟಿಕೊಳ್ಳೋಳು. ಒಂದು ದಿನ ನನ್ನ ಕೈ ಹಿಡಿದು ಅಲ್ಲಿಗೇ ಒತ್ತಿಕೊಂಡಳು. ಉರಿಯುವ ಒಲೆಯ ಎದುರು ಆ ಹಣೆ ಬಾವಿಗಲ್ಲಿನಂತೆ ತಣ್ಣಗಿತ್ತು.

"ನಾನಿನ್ನೂ ಬದುಕಿವ್ನಿ ಕಣ್ ಮಗ. ಆ ಮುಕ ನಂದೇ ಅಂತ ನಿಮ್ಮಜ್ಜಿಗೆ ಏಳು. ನೀನೇಳುದ್ರೆ ಕೇಳ್ತಾಳೆ."

ಹೇಳಿದರೆ ನನ್ನ ಅವ್ವ ಹೋಗುತ್ತಾಳೆ. ಒಂದು ವಾರ ಬಾಯಿ ಬಿಡಲಿಲ್ಲ. ಮುಂದಿನ ಶುಕ್ರವಾರ ಚಿಕ್ಕವ್ವ ಏಳಲೇ ಇಲ್ಲ, ಚಾಪೆಯ ಮೇಲೆ ಗೋಡೆಗೆ ಮುಖಮಾಡಿ ಮಲಗಿದ್ದಳು. ನಾನು ಒದ್ದೆಬಟ್ಟೆ ತಂದು ಗಾಜಿನ ಮೇಲಿನ ಕುಂಕುಮ ಒರೆಸಿದೆ.

"ಅಜ್ಜಿ, ಇದು ಚಿಕ್ಕವ್ವನೇ. ನಮ್ಮವ್ವ ಅಲ್ಲ."

ಅಜ್ಜಿ ಹೂ ಹಿಡಿದುಕೊಂಡೇ ನಿಂತಳು. "ಬ್ಯಾಡ್ವೇನೆ ನಿಂಗೆ ಅವ್ಳು?"

ನಾನು ತಲೆಯಾಡಿಸಿದೆ. ಬೇಡ.

ಅಜ್ಜಿ ಚಾಪೆಯ ಹತ್ತಿರ ಕೂತು, "ಏಳೇ, ತಲೆ ಕೊಡು," ಅಂದು ಆ ಕನಕಾಂಬರವನ್ನು ಚಿಕ್ಕವ್ವನ ತುರುಬಿಗೆ ಮುಡಿಸಿದಳು. ಚಿಕ್ಕವ್ವ ಅವತ್ತು ಎರಡು ಮುದ್ದೆ ಉಂಡಳು. ಅವಳಿಗೆ ಸಾರು ಬಡಿಸುತ್ತಿದ್ದ ನನ್ನ ಬೆನ್ನ ಮೇಲೆ ಯಾರೋ ಕೈ ಇಟ್ಟ ಹಾಗಾಯಿತು. ನಾನು ಅಲ್ಲಾಡಲಿಲ್ಲ.