ಕಂಪ್ಯೂಟರಿಗೆ ಕಾವಲು ಕೂತ ಕಿವಿ

ಕರೆಂಟು ಹೋಯಿತೆಂದರೆ ಹಿಂದೂಪುರದ ನಮ್ಮ ಬೀದಿಯವರೆಲ್ಲ ಬೀಸಣಿಗೆ ಹಿಡಿದು ಜಗಲಿಗೆ ಬಂದು ಕೂರುತ್ತಿದ್ದರು. ನಮ್ಮ ಅತ್ತೆ ಮಾತ್ರ ಹುಣಸೆಹಣ್ಣಿನ ಮೊರ ಎತ್ತಿಕೊಂಡು ಮನೆಯ ಪಕ್ಕದ ಓಣಿಗೆ ಹೋಗುತ್ತಿದ್ದರು. ಅಲ್ಲಿ ನಮ್ಮ ಜನರೇಟರ್ ಇತ್ತು. ನಾನು ಹಗ್ಗ ಎಳೆದು ಅದನ್ನು ಚಾಲೂ ಮಾಡಿ ಒಳಗೆ ಓಡಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಅತ್ತೆ ಜನರೇಟರಿನ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಕೂತು, ಹುಣಸೆ ಬೀಜ ಬಿಡಿಸುತ್ತಾ ಅದರ ಸದ್ದು ಕೇಳುತ್ತಿದ್ದರು. ಹಾಗೆ ಕೇಳಿ ಕೇಳಿಯೇ ಅವರ ಕಿವಿ ಹೋಯಿತು. ಕೂರಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನನ್ನ ಪರವಾಗಿ ನಾನೇ ವಕಾಲತ್ತು ಶುರು ಮಾಡಿಬಿಡುತ್ತೇನೆ. ಆ ಚಾಳಿ ನನಗುಂಟು.

ತೊಂಬತ್ತರ ದಶಕದ ನಡುವಿನ ಮಾತಿದು. ನನ್ನ ಗಂಡನಿಗೆ ಕಲ್ಯಾಣದುರ್ಗದಲ್ಲಿ ಮೇಷ್ಟ್ರ ಕೆಲಸ. ಅಲ್ಲೇ ರೂಮು ಮಾಡಿಕೊಂಡು ಶನಿವಾರ ಸಂಜೆ ಬಸ್ಸಿಗೆ ಮನೆಗೆ ಬರುತ್ತಿದ್ದರು. ವಾರವೆಲ್ಲ ಮನೆಯಲ್ಲಿ ಅತ್ತೆ ಮತ್ತು ನಾನು. ಟೈಪಿಂಗ್ ಕಲಿತಿದ್ದ ನಾನು ಸುಮ್ಮನೆ ಕೂರಲಾರದೆ ಹಟ ಹಿಡಿದು, ಬೆಂಗಳೂರಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ತರಿಸಿಕೊಂಡೆ. ಮುಂದಿನ ಕೋಣೆಯಲ್ಲಿ ಅದನ್ನಿಟ್ಟು ಮದುವೆ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ ಟೈಪ್ ಮಾಡಿಕೊಡುತ್ತಿದ್ದೆ. ನಮ್ಮ ಕಡೆ ಹೆಣ್ಣಿನವರು ಕನ್ನಡ, ಗಂಡಿನವರು ತೆಲುಗು ಆಗಿರುವುದು ಮಾಮೂಲು, ಹಾಗಾಗಿ ಒಂದೇ ಕಾರ್ಡಿನಲ್ಲಿ ಎರಡೂ ಅಕ್ಷರ ಕೂಡಿಸಬೇಕು. ಅದು ನನಗೆ ಚೆನ್ನಾಗಿ ಬರುತ್ತಿತ್ತು. ಮೇಷ್ಟ್ರ ಹೆಂಡತಿ ಎನ್ನುತ್ತಿದ್ದ ಬೀದಿಯವರು ‘ಕಂಪ್ಯೂಟರಮ್ಮ’ ಎನ್ನತೊಡಗಿದರು. ಕೇಳಿದಾಗಲೆಲ್ಲ ನಾನು ಒಂದು ಸುತ್ತು ಉಬ್ಬುತ್ತಿದ್ದೆ, ಅದನ್ನೇಕೆ ಮುಚ್ಚಿಡಲಿ.

ಆದರೆ ಕರೆಂಟು ಇರಬೇಕಲ್ಲ. ಕಲ್ಯಾಣದುರ್ಗದಲ್ಲಿ ಶಾಮಿಯಾನ ಮತ್ತು ಮೈಕ್ ಸೆಟ್ ಬಾಡಿಗೆಗೆ ಕೊಡುವವರೊಬ್ಬರು ತಮ್ಮ ಹಳೇ ಜನರೇಟರ್ ಮಾರಿದರು. ಗಂಡ ಅದನ್ನು ಬಸ್ಸಿನ ಮೇಲೆ ಕಟ್ಟಿಸಿಕೊಂಡು ತಂದರು. ಪೆಟ್ರೋಲಿನಲ್ಲಿ ಚಾಲೂ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿಕೊಳ್ಳುವ ಯಂತ್ರ. ಅವರು ನನ್ನನ್ನೂ ಅತ್ತೆಯನ್ನೂ ಹಿತ್ತಲಲ್ಲಿ ನಿಲ್ಲಿಸಿಕೊಂಡು ಏಳನೇ ಕ್ಲಾಸಿಗೆ ಹೇಳಿದಂತೆ ಪಾಠ ಮಾಡಿದರು. ಚಾಲೂ ಆದ ಕೂಡಲೇ ಕಂಪ್ಯೂಟರ್ ಹಾಕಕೂಡದು. ಮೊದಲು ಒಂದು ಬಲ್ಬು ಉರಿಸಬೇಕು, ಅದು ಮಿಣುಕದೆ ನಿಂತು ಉರಿದ ಮೇಲೆ ಸ್ಟೆಬಿಲೈಜರ್, ಆಮೇಲೆ ಕಂಪ್ಯೂಟರ್. ಅದೇ ಲೈನಿಗೆ ಫ್ಯಾನು, ಮಿಕ್ಸಿ ಸೇರಿಸಕೂಡದು. ಎಣ್ಣೆ ಹುಯ್ಯುವ ಮೊದಲು ಕಂಪ್ಯೂಟರ್ ಆಫ್ ಆಗಿರಬೇಕು. ಕರೆಂಟು ನಿಂತ ಮೇಲೂ ಸ್ವಲ್ಪ ಹೊತ್ತು ಕಂಪ್ಯೂಟರನ್ನು ಉಳಿಸುವ ಯುಪಿಎಸ್ ಪೆಟ್ಟಿಗೆ ನಮ್ಮಲ್ಲಿ ಇರಲಿಲ್ಲ. ಮುಂದೆ ನೋಡೋಣ ಎಂದುಕೊಂಡಿದ್ದೆವು.

ಅವರು ಜನರೇಟರನ್ನು ಇಟ್ಟದ್ದು ಹಿತ್ತಲಿನ ಆ ಕೊನೆಯಲ್ಲಿ, ಬಾದಾಮಿ ಮರದ ಕೆಳಗೆ. ಅಲ್ಲಿಂದ ಮುಂದಿನ ಕೋಣೆಗೆ ವೈರು ಉದ್ದವಾಗಿ ಬಲ್ಬು ಮಂಕಾಗಿ ಉರಿಯುತ್ತಿತ್ತು. ಕಂಪ್ಯೂಟರಿಗೆ ವೋಲ್ಟೇಜು ಸಾಲದೆಂದು ನನಗೆ ದಿಗಿಲು. ಅವರು ಕಲ್ಯಾಣದುರ್ಗಕ್ಕೆ ಹೋದ ಮೇಲೆ ಅತ್ತೆ ಒಂದು ಕಡೆ, ನಾನೊಂದು ಕಡೆ ಹಿಡಿದು ಅದನ್ನು ಎತ್ತಿ ತಂದು, ಮನೆ ಗೋಡೆಗೂ ಕಾಂಪೌಂಡಿಗೂ ನಡುವಿನ ಓಣಿಯಲ್ಲಿ ಇಟ್ಟೆವು. ವೈರು ಗಿಡ್ಡವಾಯಿತು, ಬಲ್ಬು ಬೆಳ್ಳಗೆ ಉರಿಯಿತು. ಓಣಿಯ ಒಂದು ತುದಿಯೂ ಮುಚ್ಚಿ ಮೂರು ಕಡೆ ಗೋಡೆಯಿದ್ದುದರಿಂದ ಸದ್ದು ಅಲ್ಲೇ ಸುತ್ತಿ ಸುತ್ತಿ ಬಡಿಯುತ್ತಿತ್ತು. ಹೊಗೆ ಒಳಗೆ ಬಂದು ಕಂಪ್ಯೂಟರಿಗೆ ಮಸಿ ಹಿಡಿದೀತೆಂದು ನಾನು ಕೋಣೆಯ ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ. ಹಾಗಾಗಿ ಆ ಸದ್ದು ಎಷ್ಟಿತ್ತೆಂದು ಗೊತ್ತಿದ್ದದ್ದು ಅತ್ತೆಗೆ ಮಾತ್ರ.

ಅವರು ಲೇಪಾಕ್ಷಿ ಕಡೆಯ ಹೊಲದಲ್ಲಿ ಬೆಳೆದವರು. ಅವರ ಕಿವಿ ಎಂಥದೆಂದರೆ, ಬೆಳಗಿನ ಜಾವ ನಲ್ಲಿಯಲ್ಲಿ ನೀರಿಗಿಂತ ಮೊದಲು ಬರುವ ಗಾಳಿಯ ಸುಸ್ ಎಂಬ ಸದ್ದನ್ನು ಮಲಗಿದ್ದಲ್ಲೇ ಹಿಡಿದು “ನೀರು ಬಂದ್ಬುಡ್ತು, ಏಳಮ್ಮ” ಎನ್ನುತ್ತಿದ್ದರು. ಬೀದಿಗೆಲ್ಲ ನಾವೇ ಮೊದಲು ಬಿಂದಿಗೆ ಇಡುತ್ತಿದ್ದೆವು. ಪಕ್ಕದ ಮನೆಯಲ್ಲಿ ಪಿಸುಗುಟ್ಟಿದರೂ ಇಲ್ಲಿಂದಲೇ ಉತ್ತರ ಕೊಡುವಷ್ಟು ಚುರುಕು. ಆ ಚುರುಕನ್ನು ನಾನು ಕೆಲಸಕ್ಕೆ ಹಚ್ಚಿದೆ. ಎಣ್ಣೆ ತಳ ಕಂಡಾಗಲೋ, ಸೀಮೆಎಣ್ಣೆಯಲ್ಲಿ ನೀರು ಬೆರೆತಿದ್ದಾಗಲೋ ಇಂಜಿನ್ ಒಮ್ಮೆ ಮುಗ್ಗರಿಸಿ, ಮತ್ತೆ ಇದ್ದಕ್ಕಿದ್ದಂತೆ ಜೋರಾಗಿ ಓಡುತ್ತಿತ್ತು. ಹಾಗೆ ಓಡಿದಾಗ ವೋಲ್ಟೇಜು ಏರಿ ಕಂಪ್ಯೂಟರ್ ಸುಟ್ಟುಹೋಗುವ ಭಯ. ಬಲ್ಬು ಮಿಣುಕುವ ಮುಂಚೆಯೇ ಸದ್ದು ಬದಲಾಗುತ್ತದೆ ಎಂದು ಕಂಡುಕೊಂಡವರು ಅತ್ತೆ. “ಇದಕ್ಕೆ ಉಸಿರು ಕಟ್ತೈತೆ ಕಣಮ್ಮ! ಆಪು! ಆಪು!” ಎಂದು ಕಿಟಕಿ ಬಡಿಯುತ್ತಿದ್ದರು. ನಾನು ಮಾಡಿದ ಕೆಲಸವನ್ನು ಸೇವ್ ಮಾಡಿ, ಕಂಪ್ಯೂಟರ್ ಆಫ್ ಮಾಡುವಷ್ಟು ವ್ಯವಧಾನ ಸಿಗುತ್ತಿತ್ತು. “ನಮ್ಮತ್ತೆ ಇರೋವರೆಗೂ ನನಗ್ಯಾಕೆ ಯುಪಿಎಸ್ಸು” ಎಂದು ಬಂದವರ ಮುಂದೆ ತಮಾಷೆ ಮಾಡುತ್ತಿದ್ದೆ. ಅತ್ತೆಯೂ ನಗುತ್ತಿದ್ದರು.

ಒಂದು ದಿನ ಎಣ್ಣೆ ಹುಯ್ಯಲು ಓಣಿಗೆ ಹೋದಾಗ ಅವರ ಎರಡೂ ಕಿವಿಯಲ್ಲಿ ಹತ್ತಿ ಕಂಡಿತು.

“ತಲೆಯೆಲ್ಲ ಗುಂಯ್ ಅಂತೈತೆ, ಅದಕ್ಕೆ ಇಟ್ಕೊಂಡಿವ್ನಿ” ಎಂದರು.

“ಹತ್ತಿ ತುರುಕ್ಕೊಂಡು ಕೂತ್ರೆ ಸದ್ದು ಬದಲಾಗೋದು ಹೆಂಗೆ ಗೊತ್ತಾಗ್ತೈತೆ ಅತ್ತೆ? ಕಂಪ್ಯೂಟರ್ ಸುಟ್ಟೋದ್ರೆ ಆಮೇಲೆ?”

“ಅದೂ ದಿಟವೇ ಕಣಮ್ಮ” ಎಂದು ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡರು. ಕಷ್ಟವಾಗುತ್ತಿದೆಯಾ ಎಂದು ನಾನು ಕೇಳಲಿಲ್ಲ. ಕಂಪ್ಯೂಟರಿನ ಮೇಲೆ ಧೂಳು ಕೂರದಂತೆ ಹಳೇ ರೇಷ್ಮೆ ಸೀರೆ ಕತ್ತರಿಸಿ ಹೊದಿಕೆ ಹೊಲಿದವಳು ನಾನು, ಅದನ್ನು ಉಜ್ಜಿ ಒರೆಸದೆ ಊಟಕ್ಕೆ ಏಳುತ್ತಿರಲಿಲ್ಲ. ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಆಮೇಲಾಮೇಲೆ ನಲ್ಲಿ ನೀರು ನಮಗೆ ತಪ್ಪತೊಡಗಿತು. ಎದ್ದು ನೋಡುವಷ್ಟರಲ್ಲಿ ಬೀದಿಯವರೆಲ್ಲ ಹಿಡಿದು ಮುಗಿಸಿರುತ್ತಿದ್ದರು. ಅತ್ತೆಗೆ ಈಗ ನಿದ್ದೆ ಜಾಸ್ತಿ ಎಂದುಕೊಂಡೆ. ರೇಡಿಯೋವನ್ನು ಕಿವಿಗೆ ಅಂಟಿಸಿಕೊಂಡು ಕೂರುತ್ತಿದ್ದರು. ಸೆಲ್ಲು ಹೋಗಿರಬೇಕೆಂದು ಹೊಸ ಸೆಲ್ಲು ತಂದು ಹಾಕಿದೆ. ಅಷ್ಟು ದಡ್ಡಿ ನಾನಲ್ಲ. ಗೊತ್ತು ಮಾಡಿಕೊಳ್ಳಲು ಇಷ್ಟವಿರಲಿಲ್ಲ, ಅಷ್ಟೇ.

ವಾರ್ಷಿಕ ಪರೀಕ್ಷೆಯ ಕಾಲ. ಒಂದು ಖಾಸಗಿ ಶಾಲೆಯ ಅಷ್ಟೂ ಪ್ರಶ್ನೆಪತ್ರಿಕೆ ನನಗೆ ಒಪ್ಪಿಸಿದ್ದರು. ಸರಿಯಾಗಿ ಮಾಡಿಕೊಟ್ಟರೆ ವರ್ಷವೆಲ್ಲ ಅವರ ಕೆಲಸ ನನಗೇ. ಬೆಳಿಗ್ಗೆ ಕರೆಂಟು ಹೋಯಿತು, ಜನರೇಟರ್ ಹಾಕಿ ಕೂತೆ. ಕನ್ನಡ ಪತ್ರಿಕೆ ಮುಗಿಯುವ ಹಂತಕ್ಕೆ ಬಂದಿತ್ತು. ತಲೆಯ ಮೇಲಿನ ಬಲ್ಬು ಒಮ್ಮೆ ಕುಗ್ಗಿ, ಕಣ್ಣು ಕುಕ್ಕುವಷ್ಟು ಬೆಳಗಿ, ಆರಿತು. ಎದುರಿನ ಪರದೆ ಕಪ್ಪಾಯಿತು. ಕಿಟಕಿ ಬಡಿದ ಸದ್ದೇ ಇಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಓಣಿಗೆ ಓಡಿದೆ. ಇಂಜಿನ್ ನಿಂತು ಬಿಸಿ ಹೊಗೆ ಬಿಡುತ್ತಿತ್ತು. ಅತ್ತೆ ಬೀಜ ಬಿಡಿಸುತ್ತಲೇ ಇದ್ದರು.

“ನಿದ್ದೆ ಮಾಡ್ತಿದ್ರಾ? ಒಂದು ಕೂಗು ಹಾಕಕ್ಕೆ ಏನಾಗಿತ್ತು ನಿಮ್ಗೆ?”

ಅವರು ತಲೆ ಎತ್ತಿ “ಏನಂದೆ?” ಎಂದರು. ಅದೇ ಮಾತನ್ನು ಬೀದಿಗೆಲ್ಲ ಕೇಳುವಂತೆ ಕಿರುಚಿದೆ. ಆಗ ಜನರೇಟರ್ ಕಡೆ ನೋಡಿದರು, ಅದು ನಿಂತಿದೆ ಎಂದು ಕಣ್ಣಿಂದ ತಿಳಿದುಕೊಂಡರು.

“ಅದು ಸದ್ದೇ ಬದಲಾಯಿಸ್ಲಿಲ್ವಲ್ಲಮ್ಮ. ಇನ್ನೂ ಓಡ್ತಾ ಐತೆ ಅಂತಲೇ ಇದ್ನಲ್ಲ ನಾನು” ಎಂದರು. ನಿಂತ ಮೇಲೂ ಅವರ ತಲೆಯೊಳಗೆ ಅದು ಓಡುತ್ತಿತ್ತು. ಆದರೆ ಆಗ, ಅವರು ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡು ನಾನು ಇನ್ನೂ ಎರಡು ಮಾತು ಆಡಿ ಒಳಗೆ ಬಂದೆ. ಕರೆಂಟು ಬಂದ ಮೇಲೆ ಹಾಕಿ ನೋಡಿದರೆ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. ಟೈಪ್ ಮಾಡಿದ್ದು ಹೋಗಿತ್ತು, ಅದನ್ನು ಇನ್ನೊಮ್ಮೆ ಮಾಡಿದೆ.

ಶನಿವಾರ ಗಂಡ ಬಂದರು. ಚಪ್ಪಲಿ ಬಿಡುತ್ತಾ “ಅಮ್ಮಾ” ಎಂದರು. ಅತ್ತೆ ಬೆನ್ನು ಹಾಕಿ ಅಕ್ಕಿ ಆರಿಸುತ್ತಿದ್ದರು, ತಿರುಗಲಿಲ್ಲ. ಮತ್ತೆ ಕರೆದರು. ನನ್ನ ಕಡೆ ನೋಡಿ “ಇದು ಯಾವಾಗಿಂದ?” ಎಂದು ಕೇಳಿದರು. ವಾರವೆಲ್ಲ ಒಟ್ಟಿಗಿದ್ದ ನನಗೆ ಕಾಣದ್ದು ಅವರಿಗೆ ಹೊಸಿಲು ದಾಟುವ ಮೊದಲೇ ಕಂಡಿತು. ಡಾಕ್ಟರಿಗೆ ತೋರಿಸು ಎಂದು ಹೇಳಿ ಸೋಮವಾರದ ಮೊದಲ ಬಸ್ಸಿಗೆ ಕಲ್ಯಾಣದುರ್ಗಕ್ಕೆ ಹೊರಟರು.

ಕಿವಿ ಡಾಕ್ಟರು ಅತ್ತೆಯ ಕಿವಿಯ ಹತ್ತಿರ ಏನೇನೋ ಮೀಟಿ ನೋಡಿ, ನನ್ನನ್ನು ಕೇಳಿದರು, “ಏ ಮಿಲ್ಲುಲೋ ಪನಿ ಚೇಶಾರು?” ಯಾವ ಮಿಲ್ಲಿನಲ್ಲಿ ಕೆಲಸ ಮಾಡಿದ್ದರು ಅಂತ. ಯಾವ ಮಿಲ್ಲೂ ಇಲ್ಲ ಎಂದೆ. ಮನೆಯಲ್ಲಿ ದೊಡ್ಡ ಸದ್ದಿನ ಯಂತ್ರ ಏನಾದರೂ? ಜನರೇಟರ್ ಎಂದೆ, ನನ್ನ ದನಿ ನನಗೇ ಕೇಳಿಸಲಿಲ್ಲ. ಹೋಗಿರುವ ಕಿವಿ ಹಿಂದಕ್ಕೆ ಬರುವುದಿಲ್ಲ, ಉಳಿದಿರುವಷ್ಟಾದರೂ ಉಳಿಯಬೇಕೆಂದರೆ ಅವರನ್ನು ಅದರ ಹತ್ತಿರ ಬಿಡಬೇಡಿ ಎಂದರು. ಅತ್ತೆ ಪಕ್ಕದಲ್ಲೇ ಕೂತು, ಡಾಕ್ಟರ ತುಟಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡುತ್ತಿದ್ದರು.

ಹೊರಗೆ ಬಂದ ಮೇಲೆ ನನ್ನ ರಟ್ಟೆ ಹಿಡಿದು ನಿಲ್ಲಿಸಿ “ಏನಂತೆ?” ಎಂದರು.

ನಾನು ಅವರ ಕಿವಿಗೆ ಬಾಯಿಟ್ಟು ಹೇಳಿದೆ: “ವಯಸ್ಸಾಯ್ತಂತೆ.”

“ಅಷ್ಟೇನಾ? ಅದಕ್ಯಾಕೆ ಹಿಂಗೆ ಮುಖ ಸಪ್ಪಗೆ ಮಾಡ್ಕೊಂಡಿದ್ದೀಯ? ಎಲ್ರಿಗೂ ಆಗೋದೇ ಕಣಮ್ಮ” ಎಂದು ನನ್ನ ಬೆನ್ನು ಸವರಿದರು.

ಯಾಕೆ ಹಾಗೆ ಹೇಳಿದೆ? ನಿಜ ಹೇಳಿದರೆ ಮಗನ ಕಿವಿಗೆ ಬೀಳುತ್ತದೆ, ಅವರು ಕಂಪ್ಯೂಟರ್ ಮುಚ್ಚು ಎನ್ನುತ್ತಾರೆ, ನಾನು ಮತ್ತೆ ಮೇಷ್ಟ್ರ ಹೆಂಡತಿ ಆಗುತ್ತೇನೆ. ಇಷ್ಟೇ ಇದ್ದದ್ದು ತಲೆಯಲ್ಲಿ. ಗಂಡನಿಗೂ ಅದನ್ನೇ ಹೇಳಿದೆ. ಯುಪಿಎಸ್ ಬಂದ ಮೇಲೆ ಇಬ್ಬರಿಗೂ ನಿಜ ಹೇಳಿಬಿಡೋಣ ಎಂದುಕೊಂಡೆ. ಆ ಪೆಟ್ಟಿಗೆ ಮುಂದೆ ಒಂದು ದಿನ ಬಂತು, ನಾನು ಹೇಳಲಿಲ್ಲ. ವಯಸ್ಸಿಗೆ ಕಿವಿ ಹೋಯಿತು ಎಂದು ನಂಬಿಕೊಂಡೇ ಅತ್ತೆ ತೀರಿಕೊಂಡರು.

ಆದರೆ ನನ್ನನ್ನು ಹೆಚ್ಚು ಹಿಂಡುವುದು ಡಾಕ್ಟರಿಗೆ ತೋರಿಸಿದ ಮಾರನೇ ದಿನ. ಶಾಲೆಯವರು ಉಳಿದ ಪತ್ರಿಕೆಗಳಿಗೆ ಅವಸರ ಮಾಡಿ ಹೋಗಿದ್ದರು. ಊಟ ಮುಗಿಸಿ ಕೂತಿದ್ದಾಗ ಫ್ಯಾನು ನಿಧಾನವಾಗಿ ನಿಂತಿತು. ಅತ್ತೆ ಅದನ್ನು ಕಣ್ಣಿಂದಲೇ ನೋಡಿ, ಮೊರ ಎತ್ತಿಕೊಂಡು ಎದ್ದರು. “ಇವತ್ತು ಬಲ್ಬು ನೋಡ್ಕೊಂಡೇ ಕೂಗ್ತೀನಿ ಕಣಮ್ಮ, ಇನ್ನೊಂದು ಬಲ್ಬು ಆಚೆ ಕಡೀಕೆ ನೇತಾಕು. ಅವತ್ತಿನ ಹಂಗೆ ಆಗಾಕಿಲ್ಲ” ಎಂದರು. ಬೈಸಿಕೊಂಡದ್ದು ಅವರಿಗೆ ಮರೆತಿರಲಿಲ್ಲ. ಅವರು ಬಾಗಿಲು ದಾಟುತ್ತಿರುವಾಗ ನಾನು ಹಿಂದಿನಿಂದ “ಬೇಡ ಬಿಡಿ ಅತ್ತೆ” ಎಂದೆ. ಅವರಿಗೆ ಕೇಳಿಸುವಷ್ಟು ಜೋರಾಗಿ ಅನ್ನಲಿಲ್ಲ.